ಹಳೆ ವಿ70 ತಗೊಳ್ಳಿ, ಆದರೆ ಅಡಿ ನೋಡಿ ತಗೊಳ್ಳಿ

ಸ್ವೀಡನ್ನಿನ ಗೋಥೆನ್‌ಬರ್ಗ್‌ಗೆ ಬಂದು ಮೂರು ತಿಂಗಳಾಯಿತು, ಎರಡು ವರ್ಷದ ಮಗು ಇದೆ, 2006ರ ವೋಲ್ವೋ ವಿ70 ಪೆಟ್ರೋಲ್ ಗಾಡಿಯೊಂದು 25,000 ಕ್ರೋನಕ್ಕೆ ಸಿಗುತ್ತಿದೆ, ದಿನಾ ಓಡಿಸುವುದಕ್ಕೆ ಆಗುತ್ತದಾ, ಫುಲ್ ಇನ್ಶೂರೆನ್ಸ್ ಮಾಡಿಸಲೇಬೇಕಾ ಎಂದು ಕೇಳಿದ್ದೀರಿ. ಆಫೀಸಿನಲ್ಲಿ ಯಾರೋ "ಫುಲ್ ಇಲ್ಲದೆ ರೋಡಿಗೆ ಇಳೀಬೇಡಿ" ಎಂದು ಹೆದರಿಸಿದ್ದಾರೆ ಅಂತಲೂ ಬರೆದಿದ್ದೀರಿ.

ದಿನಾ ಓಡಿಸಬಹುದು. ಫುಲ್ ಬೇಡ. ನಾನು ಇಲ್ಲಿಗೆ ಬಂದು ಹದಿನೇಳು ವರ್ಷವಾಯಿತು, ಇದುವರೆಗೆ ವಿ70ಯಂಥ ಉದ್ದ ಡಿಕ್ಕಿಯ ಕಾರು, ಅಂದರೆ ವ್ಯಾಗನ್, ಮೂರು ಹಳೆಯವನ್ನು ಇಟ್ಟಿದ್ದೇನೆ. ಮೂರರಲ್ಲೂ ಮಳೆ, ಹಿಮ, ಸ್ಕೂಲು, ಆಫೀಸು ಎಲ್ಲಾ ಆಗಿದೆ. ಆದರೆ ಯಾಕೆ ಬೇಡ ಅನ್ನುವುದು ಗೊತ್ತಿದ್ದು ಬಿಡಬೇಕು, ಸುಮ್ನೆ ದುಡ್ಡು ಉಳಿಯುತ್ತದೆ ಅಂತ ಬಿಡಬಾರದು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಊರಲ್ಲಿ ನಮಗೆ ಗೊತ್ತಿದ್ದದ್ದು ಎರಡೇ, ಥರ್ಡ್ ಪಾರ್ಟಿ ಮತ್ತು ಫುಲ್. ಇಲ್ಲಿ ಮೂರು ಮೆಟ್ಟಿಲು. ಕೆಳಗಿನದು ಟ್ರಫೀಕ್, ಅದು ಕಡ್ಡಾಯ. ನಡುವಿನದು ಹಾಲ್ವ್, ಅಂದರೆ ಅರ್ಧ. ಮೇಲಿನದು ಹೇಲ್, ಅಂದರೆ ಪೂರ್ತಿ. ಈ ಟ್ರಫೀಕನ್ನು ನಮ್ಮ ಥರ್ಡ್ ಪಾರ್ಟಿ ಎಂದು ತಿಳಿಯಬೇಡಿ. ಬಂದ ಹೊಸದರಲ್ಲಿ ನಾನೂ ಹಾಗೇ ತಿಳಿದಿದ್ದೆ, ಹೆದರಿಕೆಗೆ ಮೊದಲ ವರ್ಷ ಹೇಲ್ ಕಟ್ಟಿದೆ. ಇಲ್ಲಿಯ ಟ್ರಫೀಕ್ ಎದುರಿನವರ ಗಾಡಿಗೆ ಆದ ನಷ್ಟವನ್ನು ಕೊಡುತ್ತದೆ. ಅದರ ಜೊತೆಗೆ ನಿಮ್ಮ ಗಾಡಿಯೊಳಗೆ ಕೂತ ಎಲ್ಲರಿಗೂ, ಸ್ಟೇರಿಂಗ್ ಹಿಡಿದ ನಿಮಗೂ ಸೇರಿ, ಮೈಗೆ ಪೆಟ್ಟಾದರೆ ಪರಿಹಾರ ಕೊಡುತ್ತದೆ. ತಪ್ಪು ಯಾರದು ಅನ್ನುವುದು ಅಲ್ಲಿ ಮುಖ್ಯವಲ್ಲ. ಹೆಂಡತಿ, ಮಗು ಕೂರುವ ಗಾಡಿ, ಅವರ ಗತಿ ಏನು ಎಂಬ ನಿಮ್ಮ ಚಿಂತೆಗೆ ಉತ್ತರ ಕೆಳಗಿನ ಮೆಟ್ಟಿಲಲ್ಲೇ ಇದೆ. ಮೇಲಿನ ಮೆಟ್ಟಿಲು ಕಾಯುವುದು ನಿಮ್ಮ ಗಾಡಿಯ ತಗಡನ್ನು.

ಈಗ ಲೆಕ್ಕಕ್ಕೆ ಬನ್ನಿ. ಗಾಡಿ ಬೆಲೆ 25,000 ಕ್ರೋನ. ಡಿಕ್ಕಿಯಾಯಿತು, ಹೇಲ್ ಇದೆ ಅಂತಿಟ್ಟುಕೊಳ್ಳಿ. ಮೊದಲು ನಿಮ್ಮ ಕೈಯಿಂದ ಹೋಗುವ ಪಾಲು ಒಂದಿರುತ್ತದೆ, ಶೆಲ್ವ್‌ರಿಸ್ಕ್ ಅನ್ನುತ್ತಾರೆ. ಅದು 5,000 ಅಂದುಕೊಳ್ಳಿ. ರಿಪೇರಿ ಖರ್ಚು ಗಾಡಿಯ ಬೆಲೆಗಿಂತ ಮೇಲೆ ಹೋದರೆ ಅವರು ರಿಪೇರಿ ಮಾಡಿಸುವುದಿಲ್ಲ. ಅವತ್ತಿನ ಮಾರುಕಟ್ಟೆ ಬೆಲೆ ಲೆಕ್ಕ ಹಾಕಿ, ಶೆಲ್ವ್‌ರಿಸ್ಕ್ ಮುರಿದುಕೊಂಡು ಉಳಿದದ್ದು ಕೊಟ್ಟು ಗಾಡಿ ತಗೊಂಡು ಹೋಗುತ್ತಾರೆ. ಹಳೆ ಗಾಡಿಗೆ ಒಂದು ಬಾನೆಟ್, ಒಂದು ಹೆಡ್‌ಲೈಟ್, ಒಂದು ರೇಡಿಯೇಟರ್ ಹೊಸದಾಗಿ ಹಾಕಿ ಬಣ್ಣ ಬಳಿದರೆ ಆ ಗೆರೆ ದಾಟಿಬಿಡುತ್ತದೆ. ಅಂದರೆ ನೀವು ಜಾಸ್ತಿ ಪ್ರೀಮಿಯಂ ಕಟ್ಟುವುದು ಕೈಗೆ ಬರಬಹುದಾದ 20,000ದ ಸಲುವಾಗಿ. ಹೊಸಬರಿಗೆ ಇಲ್ಲಿ ಅಪಘಾತವಿಲ್ಲದ ವರ್ಷಗಳ ಲೆಕ್ಕ ಇನ್ನೂ ಶುರುವಾಗಿರುವುದಿಲ್ಲ, ಹಾಗಾಗಿ ಪ್ರೀಮಿಯಂ ಹೇಗೂ ಭಾರ. ಹಾಲ್ವ್‌ಗೂ ಹೇಲ್‌ಗೂ ಎಷ್ಟು ವ್ಯತ್ಯಾಸ ಎಂದು ನಿಮ್ಮ ಹೆಸರು ಹಾಕಿ ನೋಡಿ. ಆ ವ್ಯತ್ಯಾಸವನ್ನು ತಿಂಗಳು ತಿಂಗಳು ಬೇರೆ ಖಾತೆಗೆ ಹಾಕಿ. ಗಾಡಿ ಖಾತೆ ಅಂತಲೇ ಹೆಸರಿಡಿ. ಹಳೆ ವ್ಯಾಗನ್‌ಗೆ ನಿಜವಾದ ಇನ್ಶೂರೆನ್ಸ್ ಅಂದರೆ ಆ ಖಾತೆ.

ಹಾಗಂತ ಬರೀ ಟ್ರಫೀಕ್‌ಗೂ ಇಳಿಯಬೇಡಿ. ಹಾಲ್ವ್ ಇರಲಿ. ಅದರಲ್ಲಿ ಸಾಮಾನ್ಯವಾಗಿ ಕಳ್ಳತನ, ಬೆಂಕಿ, ಗಾಜು, ದಾರಿಯಲ್ಲಿ ಕೆಟ್ಟು ನಿಂತರೆ ಎಳೆದುಕೊಂಡು ಹೋಗುವುದು ಬರುತ್ತದೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಸಣ್ಣ ಜಲ್ಲಿ ಎರಚುತ್ತಾರೆ. ಮುಂದಿನ ಲಾರಿಯ ಟೈರಿನಿಂದ ಅದು ಹಾರಿ ಬಂದು ಗಾಜಿಗೆ ಬಡಿಯುತ್ತದೆ, ಕಡಲೆ ಕಾಳಿನಷ್ಟು ಗುಳಿ ಬೀಳುತ್ತದೆ. ಗಾಡಿಯ ಅಡಿಯಲ್ಲಿ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕದಿಯುವವರೂ ಇದ್ದಾರೆ. ಇದಕ್ಕೆಲ್ಲ ಹಾಲ್ವ್ ಸಾಕು. ಒಂದು ಮಾತ್ರ ಓದಿ ನೋಡಿ: ಹಾಲ್ವ್‌ನಲ್ಲಿ ಎಂಜಿನ್, ಗೇರ್‌ಬಾಕ್ಸ್ ಕೆಟ್ಟರೆ ಕೊಡುತ್ತೇವೆ ಎಂಬ ಭಾಗ ಇರುತ್ತದೆ, ಅದಕ್ಕೆ ವಯಸ್ಸು, ಓಡಿದ ದೂರ ಎರಡಕ್ಕೂ ಮಿತಿ ಇಟ್ಟಿರುತ್ತಾರೆ. 2006ರ ಗಾಡಿ ಆ ಮಿತಿ ಯಾವಾಗಲೋ ದಾಟಿದೆ. ಎಂಜಿನ್ ಹೋದರೆ ಗಾಡಿ ಖಾತೆಯೇ ಗತಿ.

ನನ್ನ ಎರಡನೇ ಗಾಡಿಯ ವಿಷಯ ಹೇಳುತ್ತೇನೆ. ನವೆಂಬರ್, ಸಂಜೆ ಐದಕ್ಕೇ ಕಗ್ಗತ್ತಲೆ. ಕಾಡಿನ ನಡುವಿನ ರಸ್ತೆ. ಬಲಗಡೆ ಚರಂಡಿಯಿಂದ ರೋಯೂರ್ ಒಂದು ಚಂಗನೆ ಹಾರಿತು. ಸಣ್ಣ ಜಿಂಕೆ ಅದು. ಬ್ರೇಕ್ ಒತ್ತಿದೆ, ಆದರೂ ಬಡಿಯಿತು. ಗಾಡಿ ನಿಂತ ಮೇಲೆ ರೇಡಿಯೇಟರ್ ನೀರು ರಸ್ತೆ ಮೇಲೆ ಹರಿದು ಹಬೆ ಏಳುತ್ತಿತ್ತು, ಒಂದೇ ಹೆಡ್‌ಲೈಟ್ ಉರಿಯುತ್ತಿತ್ತು. ಜಿಂಕೆ ಕಾಡಿಗೆ ಓಡಿತ್ತು. ಇಲ್ಲಿ ಪ್ರಾಣಿ ಓಡಿ ಹೋಯಿತು ಎಂದು ನೀವೂ ಹೊರಡುವ ಹಾಗಿಲ್ಲ. 112ಕ್ಕೆ ಫೋನ್ ಮಾಡಬೇಕು, ಬಡಿದ ಜಾಗಕ್ಕೆ ಗುರುತು ಹಾಕಬೇಕು, ಇದು ಕಾನೂನು. ಪೊಲೀಸರು ಬೇಟೆಗಾರರೊಬ್ಬರನ್ನು ನಾಯಿ ಜೊತೆ ಕಳಿಸುತ್ತಾರೆ. ಗಾಯಗೊಂಡ ಪ್ರಾಣಿ ನರಳುತ್ತಾ ಬಿದ್ದಿರಬಾರದು ಅಂತ. ಈ ಕೆಲಸಕ್ಕೇ ಅಂತ ಒಂದು ಪ್ಲಾಸ್ಟಿಕ್ ಪಟ್ಟಿ ಸಿಗುತ್ತದೆ, ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಇಟ್ಟಿರಿ. ಅವತ್ತು ನನ್ನ ಹತ್ತಿರ ಇರಲಿಲ್ಲ, ಮಗಳ ಕೆಂಪು ಸ್ಕಾರ್ಫ್ ಕೊಂಬೆಗೆ ಕಟ್ಟಿ ಬಂದೆ.

ಹಾಲ್ವ್ ಇತ್ತು, ಗಾಡಿ ಎಳೆದು ತಂದರು. ಗಾಡಿಗೆ ಆದ ಪೆಟ್ಟು ಮಾತ್ರ ನನ್ನ ಪಾಲಿಸಿಯಲ್ಲಿ ಬರಲಿಲ್ಲ, ಅದು ಹೇಲ್‌ನ ಭಾಗ. ಖಾತೆಯಿಂದ ತೆಗೆದೆ. ಗುಜರಿಗೆ ಹೋದೆ. ಇಲ್ಲಿಯ ಗುಜರಿ ಅಂಗಡಿ ಅಂದರೆ ಗೋದಾಮಿನ ಹಾಗೆ, ಪ್ರತಿ ಭಾಗಕ್ಕೂ ಚೀಟಿ ಅಂಟಿಸಿ ಜೋಡಿಸಿರುತ್ತಾರೆ. ಅದೇ ಬಣ್ಣದ ಸಂಖ್ಯೆಯ ಬಾನೆಟ್ ಸಿಕ್ಕಿತು, ಬಣ್ಣ ಬಳಿಸುವ ಖರ್ಚೇ ಇಲ್ಲ. ಹತ್ತು ದಿನದಲ್ಲಿ ಗಾಡಿ ರೋಡಿಗೆ ಬಂತು. ಇನ್ನೂ ನಾಲ್ಕು ವರ್ಷ ಓಡಿತು.

ಈ ಅನುಕೂಲ ಸಿಗುವುದು ಈ ಜಾತಿಯ ಗಾಡಿಗೆ ಮಾತ್ರ. ವ್ಯಾಗನ್‌ಗೆ ಸ್ವೀಡನ್ನಿನಲ್ಲಿ ಈಗ ಕೊಂಬಿ ಅನ್ನುತ್ತಾರೆ, ಹಳಬರ ಬಾಯಲ್ಲಿ ಅದು ಹೆರ್‌ಗೋರ್ಡ್ಸ್‌ವಾಂಗ್ನ್. ನಮ್ಮ ಮಾತಲ್ಲಿ ದೊಡ್ಡಮನೆ ಗಾಡಿ. ವೋಲ್ವೋ 1953ರಲ್ಲೇ ಡ್ಯುಯೆಟ್ ಎಂಬ ವ್ಯಾಗನ್ ತಂದಿತು. ವಾರದಲ್ಲಿ ದುಡಿಮೆಗೂ ಅದೇ, ರಜೆಯಲ್ಲಿ ಮನೆಮಂದಿಗೂ ಅದೇ, ಅದಕ್ಕೇ ಆ ಹೆಸರು. ಆಮೇಲೆ 240 ಬಂತು, 1974ರಿಂದ 1993ರವರೆಗೆ ಸೆಡಾನ್, ವ್ಯಾಗನ್ ಎಲ್ಲಾ ಸೇರಿ ಸುಮಾರು 28 ಲಕ್ಷ ಗಾಡಿ ಮಾಡಿದರು. ಆಮೇಲೆ 740, 850, ಕೊನೆಗೆ ವಿ70. 2016ರಲ್ಲಿ ವಿ70 ನಿಲ್ಲಿಸಿದರು. ಅಷ್ಟರೊಳಗೆ ಈ ದೇಶದ ಅಂಗಳ ಅಂಗಳದಲ್ಲೂ ಒಂದೊಂದು ನಿಂತಿತ್ತು. ಹಾಗಾಗಿ ಯಾವ ಸಣ್ಣ ಊರಿನ ಮೆಕ್ಯಾನಿಕ್‌ಗೂ ಇದರ ಕೆಲಸ ಕೈಗೆ ಬಂದಿದೆ. ನೀವು ನೋಡಿರುವುದು ಎರಡನೇ ಪೀಳಿಗೆಯ ಕೊನೆಯ ವರ್ಷಗಳದ್ದು. ಮೊದಮೊದಲ ವರ್ಷಗಳಲ್ಲಿ ಕಾಡಿದ ಥ್ರಾಟಲ್ (ಎಂಜಿನ್‌ಗೆ ಗಾಳಿ ಬಿಡುವ ಭಾಗ) ತೊಂದರೆ ಅಷ್ಟೊತ್ತಿಗೆ ಸರಿಹೋಗಿತ್ತು. ಆಯ್ಕೆ ಚೆನ್ನಾಗಿದೆ.

ಇನ್ನು ಗಾಡಿ ನೋಡುವ ಬಗೆ. ಜಾಹೀರಾತಿನಲ್ಲಿ 27,000 ಮಿಲ್ ಅಂತ ಇದೆ, 27,000 ಮೈಲಿ ಅಷ್ಟೇ ಓಡಿದೆಯಾ ಎಂದು ಕೇಳಿದ್ದೀರಿ. ಅಲ್ಲ. ಇಲ್ಲಿ ಒಂದು ಮಿಲ್ ಅಂದರೆ 10 ಕಿಲೋಮೀಟರ್. ಎರಡು ಲಕ್ಷದ ಎಪ್ಪತ್ತು ಸಾವಿರ ಕಿಲೋಮೀಟರ್ ಓಡಿದೆ. ಗಾಬರಿಯಾಗಬೇಡಿ, ಐದು ಸಿಲಿಂಡರಿನ ಆ ಎಂಜಿನ್ ಚೆನ್ನಾಗಿ ನೋಡಿಕೊಂಡರೆ ಇನ್ನೂ ಓಡುತ್ತದೆ. ಇನ್ಶೂರೆನ್ಸ್ ಅರ್ಜಿಯಲ್ಲೂ ವರ್ಷಕ್ಕೆ ಎಷ್ಟು ಮಿಲ್ ಎಂದು ಕೇಳುತ್ತಾರೆ. ಕಡಿಮೆ ಬರೆದು ಜಾಸ್ತಿ ಓಡಿಸಿದರೆ, ಕ್ಲೇಮ್ ಬಂದಾಗ ನಿಮ್ಮ ಪಾಲು ಏರುತ್ತದೆ. ಅದೇ ರೀತಿ, ಪ್ರೀಮಿಯಂ ಕಡಿಮೆಯಾಗುತ್ತದೆ ಎಂದು ಹಳಬ ಸ್ನೇಹಿತರ ಹೆಸರಲ್ಲಿ ಗಾಡಿ ಬರೆಸಬೇಡಿ. ನಮ್ಮವರಲ್ಲೇ ಈ ಸಲಹೆ ಕೊಡುವವರಿದ್ದಾರೆ, ಪ್ರೀತಿಯಿಂದಲೇ ಕೊಡುತ್ತಾರೆ. ಆದರೆ ನಿಜವಾಗಿ ಓಡಿಸುವವರು ಬೇರೆ ಎಂದು ಗೊತ್ತಾದರೆ ಪರಿಹಾರ ಕತ್ತರಿಸುತ್ತಾರೆ. ಸ್ನೇಹವೂ ಕೆಡುತ್ತದೆ.

ಮೊದಲು ಅಡಿಗೆ ಬಗ್ಗಿ. ಇಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ, ನಮ್ಮದು ಸಮುದ್ರದ ಊರು ಬೇರೆ. ಮೇಲಿನ ಬಣ್ಣ ಹೊಳೆಯುತ್ತಿದ್ದರೂ ಕೆಳಗೆ ತುಕ್ಕು ತಿಂದಿರಬಹುದು. ಜಾಕ್ ಕೊಡುವ ಜಾಗ, ಹಿಂದಿನ ಚಕ್ರದ ಮೇಲಿನ ಕಮಾನು, ಬ್ರೇಕ್ ಪೈಪ್, ಇಷ್ಟು ನೋಡಿ. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ತಗಡು ಟಣ್ ಅನ್ನುತ್ತದೆ. ತುಕ್ಕು ತಿಂದದ್ದು ಒದ್ದೆ ರಟ್ಟಿನ ಹಾಗೆ ದಪ್ಪ್ ಅನ್ನುತ್ತದೆ. ಆ ಸದ್ದು ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಎಂಜಿನ್ ಭಾಗ ಬದಲಾಯಿಸಬಹುದು, ಕೊಳೆತ ಚಾಸಿಸ್ ಹಿಡಿದು ವೆಲ್ಡಿಂಗ್ ಮಾಡಿಸುತ್ತಾ ಕೂರಲು ಆಗಲ್ಲ ಅಲ್ವಾ.

ಎರಡನೆಯದು ಟೈಮಿಂಗ್ ಬೆಲ್ಟ್. ಇಲ್ಲಿಯವರು ಕಾಮ್‌ರೆಮ್ ಅನ್ನುತ್ತಾರೆ. ಅದು ಹರಿದರೆ ವಾಲ್ವ್‌ಗೆ ಪಿಸ್ಟನ್ ಬಡಿದು ಎಂಜಿನ್ ಕಥೆ ಮುಗಿಯುತ್ತದೆ. ಬದಲಾಯಿಸಿದ್ದೇವೆ ಎಂದು ಬಾಯಲ್ಲಿ ಹೇಳಿದರೆ ಸಾಲದು. ದಿನಾಂಕ, ಮಿಲ್ ಬರೆದ ರಸೀದಿ ತೋರಿಸಬೇಕು. ರಸೀದಿ ಇಲ್ಲದಿದ್ದರೆ ಮಾಡಿಲ್ಲ ಎಂದೇ ಲೆಕ್ಕ. ಆ ಖರ್ಚನ್ನು ಬೆಲೆಯಲ್ಲಿ ಮುರಿದು ಮಾತಾಡಿ, ತಗೊಂಡ ವಾರವೇ ವಾಟರ್ ಪಂಪ್ ಜೊತೆ ಹಾಕಿಸಿ.

ಮೂರನೆಯದು ಒಂದು ಸುಲಭ ಪರೀಕ್ಷೆ. ಈ ಎಂಜಿನ್ನಿನಲ್ಲಿ ಒಳಗಿನ ಹಬೆ ಹೊರಹೋಗುವ ದಾರಿ ಆಯಿಲ್ ಮಡ್ಡಿಯಿಂದ ಕಟ್ಟಿಕೊಳ್ಳುವ ರೋಗ ಇದೆ. ಎಂಜಿನ್ ಬಿಸಿಯಾದ ಮೇಲೆ, ಚಾಲೂ ಇರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದು, ಆ ಬಾಯಿಗೆ ತೆಳ್ಳನೆ ರಬ್ಬರ್ ಗ್ಲೌಸ್ ಬಿಗಿಯಾಗಿ ಹಿಡಿಯಿರಿ. ಗ್ಲೌಸ್ ಒಳಕ್ಕೆ ಎಳೆದುಕೊಂಡರೆ ಎಂಜಿನ್ ಸಲೀಸಾಗಿ ಉಸಿರಾಡುತ್ತಿದೆ. ಐದು ಬೆರಳೂ ಉಬ್ಬಿ ನಿಂತರೆ ದಾರಿ ಕಟ್ಟಿದೆ. ಹಾಗೇ ಬಿಟ್ಟರೆ ಸೀಲ್‌ಗಳಿಂದ ಆಯಿಲ್ ಸೋರಲು ಶುರುವಾಗುತ್ತದೆ. ರಿಪೇರಿ ಆಗುತ್ತದೆ, ಆದರೆ ಕೂಲಿ ಜಾಸ್ತಿ.

ನೋಡಲು ಹೋಗುವ ಮೊದಲೇ ನಂಬರ್ ಹಾಕಿ ಸರ್ಕಾರದ ವಾಹನ ದಾಖಲೆಯಲ್ಲಿ ಹುಡುಕಿ. ಎಷ್ಟು ಮಾಲೀಕರು ಕಳೆದರು, ಬೆಸಿಕ್ಟ್‌ನಿಂಗ್, ಅಂದರೆ ಕಡ್ಡಾಯ ತಪಾಸಣೆ, ಯಾವಾಗ ಆಯಿತು, ತೆರಿಗೆ ಬಾಕಿಯಿಂದ ಓಡಿಸದಂತೆ ತಡೆ ಬಿದ್ದಿದೆಯಾ, ಎಲ್ಲಾ ಕಾಣುತ್ತದೆ. ಬಾಕಿಯ ತಡೆ ಗಾಡಿಯ ಹಿಂದೆಯೇ ಬರುತ್ತದೆ, ಹಳೆ ಮಾಲೀಕರ ಹಿಂದೆ ಹೋಗುವುದಿಲ್ಲ. ಬೆಸಿಕ್ಟ್‌ನಿಂಗ್ ಈ ವಯಸ್ಸಿನ ಗಾಡಿಗೆ 14 ತಿಂಗಳೊಳಗೆ ಒಮ್ಮೆ. ತಪ್ಪು ಸಿಕ್ಕರೆ ಒಂದು ತಿಂಗಳು ಸಮಯ ಕೊಟ್ಟು ಮತ್ತೆ ಕರೆಯುತ್ತಾರೆ. ನಾನು ಇದನ್ನು ವೈರಿಯ ಹಾಗೆ ನೋಡುವುದಿಲ್ಲ. ಗಾಡಿಯನ್ನು ಮೇಲಕ್ಕೆತ್ತಿ, ಯಾವ ಬುಶ್ ಸಡಿಲ, ಯಾವ ಬ್ರೇಕ್ ಕಡಿಮೆ ಹಿಡಿಯುತ್ತಿದೆ ಎಂದು ಬರೆದು ಕೊಡುತ್ತಾರೆ. ಅವರಿಗೆ ರಿಪೇರಿ ಮಾರುವ ಆಸೆ ಇಲ್ಲ. ಆ ಹಾಳೆ ಹಿಡಿದು ಮೆಕ್ಯಾನಿಕ್ ಹತ್ತಿರ ಹೋಗಿ.

ಟೈರ್ ಮರೆಯಬೇಡಿ. ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ ರಸ್ತೆಯಲ್ಲಿ ಹಿಮ, ಮಂಜುಗಡ್ಡೆ ಇದ್ದರೆ ಚಳಿಗಾಲದ ಟೈರ್ ಕಡ್ಡಾಯ, ಅದರ ಹಲ್ಲು 3 ಮಿಲಿಮೀಟರ್ ಆದರೂ ಇರಬೇಕು. ರಿಮ್ ಸಮೇತ ಎರಡನೇ ಜೊತೆ ಕೊಡುತ್ತೀರಾ ಎಂದು ಮಾರುವವರನ್ನು ಕೇಳಿ. ಅದರಲ್ಲೇ ಸಾವಿರಾರು ಕ್ರೋನ ಉಳಿಯುತ್ತದೆ.

ಮಗುವಿನ ಸೀಟು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇಲ್ಲಿ ನಾಲ್ಕು ವರ್ಷದವರೆಗಾದರೂ ಮಗುವನ್ನು ಹಿಂದಕ್ಕೆ ಮುಖ ಮಾಡಿ ಕೂರಿಸಿ ಅನ್ನುತ್ತಾರೆ. ಎದುರಿನಿಂದ ಡಿಕ್ಕಿಯಾದರೆ ಕುತ್ತಿಗೆ ಉಳಿಯುತ್ತದೆ. ಆ ಸೀಟು ಜಾಗ ತಿನ್ನುತ್ತದೆ. ವಿ70ಯ ಡಿಕ್ಕಿ ದೊಡ್ಡದು, ತಳ್ಳುಗಾಡಿಯನ್ನು ಮಡಿಸದೆ ಇಡಬಹುದು, ಆದರೆ ಹಿಂದಿನ ಸೀಟಿನ ಕಾಲಜಾಗ ಅಷ್ಟು ಉದಾರವಲ್ಲ. ನಿಮ್ಮ ಸೀಟನ್ನೇ ಒಯ್ದು ಕೂರಿಸಿ ನೋಡಿ. ಮುಂದೆ ನಿಮ್ಮ ಮನೆಯವರು ಕೂತರೆ ಮಂಡಿ ಡ್ಯಾಶ್‌ಬೋರ್ಡ್‌ಗೆ ತಾಗುತ್ತದಾ ನೋಡಿ. ಹಿಂಬಾಗಿಲನ್ನು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್ ಹಳತಾಗಿದ್ದರೆ ಚಳಿಯಲ್ಲಿ ಶಕ್ತಿ ಕಳೆದುಕೊಂಡು ಬಾಗಿಲು ಇಳಿದುಬಿಡುತ್ತದೆ. ಮಗು ಕೆಳಗೆ ನಿಲ್ಲುವ ಜಾಗ ಅದು. ಅದನ್ನು ಮೊದಲ ವಾರವೇ ಬದಲಾಯಿಸಿ, ದೊಡ್ಡ ಖರ್ಚಲ್ಲ.

ನಿಮ್ಮ ಊರಿನ ಲೈಸೆನ್ಸ್, ನೀವು ಇಲ್ಲಿಯ ನಿವಾಸಿ ಎಂದು ನೋಂದಣಿಯಾದ ದಿನದಿಂದ ಒಂದೇ ವರ್ಷ ನಡೆಯುತ್ತದೆ. ಬದಲಿಸಿ ಕೊಡುವುದಿಲ್ಲ, ಥಿಯರಿ, ಜಾರುವ ರಸ್ತೆಯ ತರಬೇತಿ, ಡ್ರೈವಿಂಗ್ ಪರೀಕ್ಷೆ ಎಲ್ಲಾ ಹೊಸದಾಗಿ. ಮೂರು ತಿಂಗಳು ಆಗಲೇ ಕಳೆದಿದೆ, ಈ ತಿಂಗಳೇ ಶುರುಮಾಡಿ.

ಗಾಡಿ ನಿಮ್ಮ ಹೆಸರಿಗೆ ಬಂದ ದಿನದಿಂದಲೇ ಟ್ರಫೀಕ್ ನಿಮ್ಮ ಹೊಣೆ, ಮನೆ ಮುಂದೆ ಸುಮ್ನೆ ನಿಂತಿದ್ದರೂ. ಇನ್ಶೂರೆನ್ಸ್ ಇಲ್ಲದ ಒಂದೊಂದು ದಿನಕ್ಕೂ ದಂಡದ ಬಿಲ್ ಬರುತ್ತದೆ, ಅದು ಪ್ರೀಮಿಯಂಗಿಂತ ಎಷ್ಟೋ ದುಬಾರಿ. ಹೆಸರು ಬದಲಾಯಿಸುವ ದಿನವೇ ಪಾಲಿಸಿ ಶುರುವಾಗಲಿ. ಊರಿಗೆ ಆರು ವಾರ ಹೋಗುವಾಗ ಗಾಡಿಯನ್ನು ಓಡಿಸುತ್ತಿಲ್ಲ ಎಂದು ದಾಖಲಿಸಿದರೆ ತೆರಿಗೆಯೂ ಟ್ರಫೀಕೂ ನಿಲ್ಲುತ್ತವೆ. ಆಗ ಅದು ರಸ್ತೆಯಲ್ಲಿ ಇರಬಾರದು, ಸ್ವಂತ ಜಾಗದಲ್ಲಿ ನಿಲ್ಲಿಸಿ.

ಭಾನುವಾರ ನೋಡಲು ಹೋಗುವುದಾದರೆ ನಾನೂ ಬರುತ್ತೇನೆ. ಟಾರ್ಚ್, ಸ್ಕ್ರೂಡ್ರೈವರ್, ಗ್ಲೌಸ್ ನಾನು ತರುತ್ತೇನೆ, ನೀವು ಮಗುವಿನ ಸೀಟು ತನ್ನಿ. ನಾವು ಬರುವ ಮೊದಲು ಎಂಜಿನ್ ಶುರು ಮಾಡಿ ಇಡಬೇಡಿ ಎಂದು ಮಾರುವವರಿಗೆ ಇವತ್ತೇ ಹೇಳಿ. ತಣ್ಣಗಿರುವಾಗ ಅದು ಹೇಗೆ ಏಳುತ್ತದೆ ಎಂದು ಕೇಳಬೇಕು.