ಮೀನಿನ ಹೊಂಡದ ತಟ್ಟೆ ಮತ್ತು ರೋಮಿನ ಪಾದ್ರಿ

ಹಾವೇರಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು ಬಿಟ್ಟಿದ್ದೇವೆ. ತರಬೇತಿಯಲ್ಲಿ ಹಗ್ಗ ಕಟ್ಟಿದ ಕಪ್ಪು-ಬಿಳುಪು ತಟ್ಟೆಯೊಂದನ್ನು ತೋರಿಸಿ, ಇದು ಸೆಚ್ಚಿ ಡಿಸ್ಕ್, ನೀರಿಗೆ ಇಳಿಬಿಟ್ಟು ಎಷ್ಟು ಆಳಕ್ಕೆ ಮರೆಯಾಗುತ್ತೆ ನೋಡಿ ಅಂದರು. ಸೆಚ್ಚಿ ಅಂದ್ರೆ ಖಗೋಳ ವಿಜ್ಞಾನಿ ಅಂತ ಮಗಳು ಹೇಳ್ತಾಳೆ. ನಕ್ಷತ್ರ ನೋಡುವವರಿಗೆ ನೀರಿನ ಉಸಾಬರಿ ಯಾಕೆ ಬೇಕಿತ್ತು? ತಟ್ಟೆಗೆ ಕಪ್ಪು ಬಳಿದದ್ದು ಯಾಕೆ?"

ನಿಮ್ಮ ಮಗಳು ಹೇಳಿದ್ದು ನಿಜ. ಹೆಸರು ಮಾತ್ರ ಸೆಚ್ಚಿ ಅಲ್ಲ, ಸೆಕ್ಕಿ. ಆಂಜೆಲೊ ಸೆಕ್ಕಿ. ಇಟಲಿಯ ರೆಜ್ಜೊ ಎಮಿಲಿಯಾದಲ್ಲಿ 1818ರಲ್ಲಿ ಹುಟ್ಟಿದ, ಜೆಸ್ಯೂಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿ. ಈ ಮನುಷ್ಯನ ಬಗ್ಗೆ ನಾಲ್ಕು ಸಾಲು ಬರೆದು ಮುಗಿಸಲು ಮನಸ್ಸಾಗುತ್ತಿಲ್ಲ, ಯಾಕೆಂದರೆ ತಟ್ಟೆ ಉಳಿದು ಮನುಷ್ಯ ಮರೆತುಹೋದದ್ದು ನನಗೆ ಬಹಳ ದಿನದ ಬೇಸರ.

1848ರ ಗಲಭೆಯಲ್ಲಿ ಜೆಸ್ಯೂಟರು ರೋಮ್ ಬಿಡಬೇಕಾಯಿತು. ಸೆಕ್ಕಿ ಇಂಗ್ಲೆಂಡಿಗೆ, ಅಲ್ಲಿಂದ ಅಮೆರಿಕಕ್ಕೆ ಹೋದರು. ಮರುವರ್ಷವೇ ವಾಪಸ್ ಕರೆ ಬಂತು, ಜೆಸ್ಯೂಟರದ್ದೇ ಆದ ರೋಮನ್ ಕಾಲೇಜಿನ ವೇಧಶಾಲೆ ಅವರ ಕೈಗೆ ಬಂತು. ಆಮೇಲೆ ಅವರು ದೂರದರ್ಶಕ ಇಟ್ಟ ಜಾಗ ನೋಡಿ: ಸಂತ ಇಗ್ನೇಷಿಯಸ್ ಚರ್ಚಿನ ಮಾಳಿಗೆ! ಆ ಚರ್ಚಿಗೆ ದೊಡ್ಡ ಗುಮ್ಮಟ ಕಟ್ಟಬೇಕೆಂದು ದಪ್ಪ ಕಂಬಗಳನ್ನು ಎಬ್ಬಿಸಿದ್ದರು, ಗುಮ್ಮಟ ಮಾತ್ರ ಏಳಲೇ ಇಲ್ಲ, ಒಳಗಿನಿಂದ ನೋಡಿದವರಿಗೆ ಗುಮ್ಮಟ ಇದ್ದಂತೆ ಕಾಣಲಿ ಎಂದು ಬಟ್ಟೆಯ ಮೇಲೆ ಚಿತ್ರ ಬರೆದು ಹಾಕಿದ್ದರು, ಈಗಲೂ ಇದೆ. ಕಟ್ಟದ ಗುಮ್ಮಟದ ಭಾರಕ್ಕೆಂದು ಮಾಡಿದ ಆ ಕಂಬಗಳ ಮೇಲೆಯೇ ಸೆಕ್ಕಿ 24 ಸೆಂ.ಮೀ. ಅಗಲದ ಮಸೂರವಿದ್ದ ದೂರದರ್ಶಕ ನಿಲ್ಲಿಸಿದರು. ಅಲ್ಲಾಡದ ಜಾಗ ಬೇಕಿತ್ತು, ಸಿಕ್ಕಿತು.

ಅಲ್ಲಿ ಅವರು ಮಾಡಿದ ದೊಡ್ಡ ಕೆಲಸ ನಕ್ಷತ್ರದ ಬೆಳಕನ್ನು ಪಟ್ಟಕದಲ್ಲಿ ಬಿಡಿಸಿ ನೋಡಿದ್ದು. ಬಣ್ಣದ ಪಟ್ಟಿಯ ನಡುವೆ ಎಲ್ಲಿ ಕಪ್ಪು ಗೆರೆ ಇದೆ, ಎಷ್ಟು ದಪ್ಪ, ಇದನ್ನೆಲ್ಲ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿ ಕೈಯಲ್ಲೇ ಬರೆದುಕೊಳ್ಳಬೇಕು. ಹೀಗೆ ನೋಡಿದ ನಕ್ಷತ್ರ ಸುಮಾರು 4000. ಆ ಗೆರೆಗಳನ್ನು ನೋಡಿ ಅವನ್ನು ಗುಂಪು ಗುಂಪಾಗಿ ವಿಂಗಡಿಸಿದರು. ನಿಮಗೆ ಮಳೆ ನಕ್ಷತ್ರಗಳು ಗೊತ್ತಲ್ವಾ, ಅದರಲ್ಲೇ ಹೇಳುತ್ತೇನೆ. ಸ್ವಾತಿ ಅವರ ಎರಡನೇ ಗುಂಪು, ನಮ್ಮ ಸೂರ್ಯನೂ ಅದರಲ್ಲೇ. ಆರಿದ್ರಾ ಕೆಂಪು ಬಣ್ಣದ ಮೂರನೇ ಗುಂಪು. ಬೆಳ್ಳಗಿನ ಲುಬ್ಧಕ, ಅಭಿಜಿತ್ ಮೊದಲನೆಯದು. ಮಂಕಾದ ಕಡುಗೆಂಪಿನವು ನಾಲ್ಕನೆಯದು. ನಕ್ಷತ್ರವನ್ನು ಅದರ ಜಾಗದಿಂದ ಗುರುತಿಸುವುದು ಹಳೇ ಪದ್ಧತಿ, ಅದರ ಬೆಳಕಿನ ಗುಣದಿಂದ ವಿಂಗಡಿಸುವುದನ್ನು ಮೊದಲು ಇಷ್ಟು ದೊಡ್ಡದಾಗಿ ಮಾಡಿದವರು ಸೆಕ್ಕಿ.

ಸೂರ್ಯನಂತೂ ಅವರ ಜೀವ. 1860ರ ಸೂರ್ಯಗ್ರಹಣಕ್ಕೆ ಸ್ಪೇನಿಗೆ ಹೋಗಿ ಫೋಟೋ ತೆಗೆಸಿದರು. ಮರೆಯಾದ ಸೂರ್ಯನ ಅಂಚಿನಲ್ಲಿ ಜ್ವಾಲೆಯಂಥ ಕೆಂಪು ಚಾಚುಗಳು ಅದರಲ್ಲಿ ಬಂದಿದ್ದವು. ದೂರದ ಇನ್ನೊಂದು ಊರಲ್ಲಿ ಬ್ರಿಟಿಷರು ತೆಗೆದ ಫೋಟೋಗಳಲ್ಲೂ ಅದೇ ಕೆಂಪು ಚಾಚುಗಳು ಬಂದಿದ್ದವು. ಅಲ್ಲಿಗೆ ಅವು ಚಂದ್ರನದ್ದಲ್ಲ, ಸೂರ್ಯನದ್ದೇ ಅಂತ ಖಚಿತವಾಯಿತು. ಅವು ಬಿಸಿ ಅನಿಲ ಎಂದು ತಿಳಿದದ್ದು 1868ರ ಆಗಸ್ಟ್ 18ರ ಗ್ರಹಣದಲ್ಲಿ. ಆ ದಿನ ನಮ್ಮ ಜಮಖಂಡಿಯಲ್ಲೂ ಜಾನ್ ಹರ್ಷಲ್ ಎಂಬ ಬ್ರಿಟಿಷ್ ಸೇನಾಧಿಕಾರಿ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ರೋಹಿತದರ್ಶಕ ಹಿಡಿದು ಕೂತಿದ್ದರು. ಗುಂಟೂರಿನಲ್ಲಿದ್ದ ಫ್ರಾನ್ಸಿನ ಖಗೋಳ ವಿಜ್ಞಾನಿ ಜಾನ್ಸೆನ್, ಗ್ರಹಣ ಇಲ್ಲದಾಗಲೂ ಅವನ್ನು ನೋಡಬಹುದೆಂದು ಮರುದಿನವೇ ತೋರಿಸಿದರು. ಮುಂದೆ ಸೆಕ್ಕಿ ರೋಮಿನಲ್ಲಿ ಆ ಚಾಚುಗಳ ಚಿತ್ರ ಬರೆಯುತ್ತಾ ಹೋದರು.

ಈಗ ನಿಮ್ಮ ತಟ್ಟೆ. 1865ರ ಏಪ್ರಿಲ್‌ನಲ್ಲಿ, ಆಗ ರೋಮ್ ಆಳುತ್ತಿದ್ದ ಪೋಪರ ನೌಕಾಪಡೆಯ ಚಾಲ್ದಿ ಎಂಬ ಅಧಿಕಾರಿ ಸಮುದ್ರದ ನೀರು ಎಷ್ಟು ತಿಳಿ ಎಂದು ಅಳೆಯಲು ಸೆಕ್ಕಿಯವರನ್ನು ಹಡಗಿಗೆ ಕರೆದರು. ಅವರು ಇಳಿಬಿಟ್ಟ ತಟ್ಟೆಗಳಲ್ಲಿ ಒಂದು ಆಳೆತ್ತರಕ್ಕಿಂತ ದೊಡ್ಡದು! ಇಳಿಯುತ್ತಾ ಇಳಿಯುತ್ತಾ ಬಿಳಿ ತಟ್ಟೆ ಹಸಿರಾಗಿ, ನೀಲಿಯಾಗಿ, ಕೊನೆಗೆ ನೀರಿನ ಬಣ್ಣವೇ ಆಗಿ ಮಾಯವಾಗುತ್ತದೆ. ನಕ್ಷತ್ರದಿಂದ ಬಂದ ಬೆಳಕಿನಲ್ಲಿ ಯಾವ ಬಣ್ಣ ಕಾಣೆಯಾಗಿದೆ ಎಂದು ಹುಡುಕುವವರಿಗೆ, ನೀರು ಯಾವ ಬಣ್ಣ ನುಂಗಿತು ಎನ್ನುವುದು ಬೇರೆ ವಿಷಯವೇ ಅಲ್ಲ. ಉಸಾಬರಿ ಅಲ್ಲ ಸ್ವಾಮಿ, ಅದೇ ಕೆಲಸ.

1870ರಲ್ಲಿ ರೋಮ್ ಇಟಲಿ ಸರ್ಕಾರದ ಕೈಗೆ ಹೋಯಿತು, ಕಾಲೇಜೂ ಹೋಯಿತು. ಸೆಕ್ಕಿಯವರನ್ನು ಮಾತ್ರ ವೇಧಶಾಲೆಯಿಂದ ಕದಲಿಸಲಿಲ್ಲ. 1878ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು.

ಕಪ್ಪು ಬಣ್ಣ ಅವರದ್ದಲ್ಲ. 1899ರಲ್ಲಿ ಅಮೆರಿಕದ ಜಾರ್ಜ್ ವಿಪಲ್ ತಟ್ಟೆಯನ್ನು ನಾಲ್ಕು ಭಾಗ ಮಾಡಿ ಎರಡಕ್ಕೆ ಕಪ್ಪು ಬಳಿದರು. ಬಿಳಿ ಪಕ್ಕದಲ್ಲಿ ಕಪ್ಪಿದ್ದರೆ ತಟ್ಟೆ ಎಲ್ಲಿ ಮರೆಯಾಯಿತು ಅಂತ ಕಣ್ಣಿಗೆ ಬೇಗ ಗೊತ್ತಾಗುತ್ತೆ. ನೀವು ನೋಡುವಾಗ ಮಧ್ಯಾಹ್ನದ ಹೊತ್ತಿಗೆ, ನೆರಳಿರುವ ಬದಿಯಲ್ಲಿ ನೋಡಿ. ಮರೆಯಾದ ಆಳ ಒಂದು, ಮೇಲೆಳೆದಾಗ ಮತ್ತೆ ಕಂಡ ಆಳ ಒಂದು, ಎರಡರ ಸರಾಸರಿ ಬರೆದಿಟ್ಟುಕೊಳ್ಳಿ. ಹಸಿರು ನೀರಲ್ಲಿ 30-40 ಸೆಂ.ಮೀ. ಬಂದರೆ ಒಳ್ಳೆಯದು. 20ಕ್ಕಿಂತ ಕೆಳಗೆ ಬಂದರೆ ಪಾಚಿ ಜಾಸ್ತಿಯಾಗಿದೆ, ಸಗಣಿ ಹಾಕೋದು ನಿಲ್ಲಿಸಿ.

- ಸಂ.