ನೆಲ್ಸನ್ ಕಂಬಕ್ಕೆ ಯಾಕೆ ಅಷ್ಟು ತಡ?

ಪ್ರಶ್ನೆ: ಮಗಳ ಮನೆಗೆ ಹೋದಾಗ ಲಂಡನ್ನಿನ ಟ್ರಾಫಾಲ್ಗರ್ ಚೌಕ ನೋಡಿದೆ. ಬ್ರಿಟಿಷ್ ನೌಕಾಪಡೆಯ ಸೇನಾಪತಿ ನೆಲ್ಸನ್ ಸತ್ತದ್ದು 1805ರಲ್ಲಿ, ಕಂಬದ ಮೇಲೆ ಪ್ರತಿಮೆ ನಿಂತಿದ್ದು 1843ರಲ್ಲಂತೆ. ಅಷ್ಟು ದೊಡ್ಡ ವೀರನಿಗೆ 38 ವರ್ಷ ಯಾಕೆ ಬೇಕಾಯಿತು? ಕಂಬದ ಬುಡದಲ್ಲಿರುವ ಸಿಂಹಗಳೂ ಆಗಿನವೇನಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಜನ ಅವನನ್ನು ಮರೆತಿರಲಿಲ್ಲ. 1805ರ ಅಕ್ಟೋಬರ್ 21ರಂದು ಟ್ರಾಫಾಲ್ಗರ್ ಕಾಳಗದಲ್ಲಿ ಫ್ರಾನ್ಸ್ ಮತ್ತು ಸ್ಪೇನ್ ಸೇರಿಸಿದ್ದ ನೌಕಾಪಡೆಯನ್ನು ಸೋಲಿಸಿದ ದಿನವೇ ನೆಲ್ಸನ್ ತನ್ನ 'ವಿಕ್ಟರಿ' ಹಡಗಿನಲ್ಲಿ ಗುಂಡೇಟಿಗೆ ಬಲಿಯಾದ, ಮುಂದಿನ ಜನವರಿಯಲ್ಲಿ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಭಾರೀ ಮೆರವಣಿಗೆಯೊಂದಿಗೆ ಮಣ್ಣು ಮಾಡಿದರು. ಗ್ಲಾಸ್ಗೋ ಊರಿನವರು 1806ರಲ್ಲೇ ಸ್ಮಾರಕದ ಕೆಲಸ ಶುರು ಮಾಡಿದರು. ಡಬ್ಲಿನ್‌ನಲ್ಲಿ 1809ಕ್ಕೆ ಕಂಬ ಎದ್ದಾಗಿತ್ತು. (ಅದನ್ನು 1966ರಲ್ಲಿ ಐರಿಷ್ ಗಣರಾಜ್ಯವಾದಿಗಳು ಬಾಂಬಿಟ್ಟು ಉರುಳಿಸಿದರು. ಬ್ರಿಟಿಷರ ವೀರ ತಮ್ಮ ಪೇಟೆಯ ನಡುವೆ ಯಾಕೆ ನಿಲ್ಲಬೇಕು ಅನ್ನುವ ಸಿಟ್ಟು ಅಲ್ಲಿ ಹಳೆಯದು.)

ಲಂಡನ್ನಿನಲ್ಲಿ ಮೊದಲಿಗೆ ಜಾಗವೇ ಇರಲಿಲ್ಲ. ಈಗ ಚೌಕವಿರುವ ಕಡೆ ಅರಮನೆಯ ಕುದುರೆ ಲಾಯಗಳಿದ್ದವು. ಅವನ್ನು ತೆರವು ಮಾಡಿ, ಚೌಕಕ್ಕೆ ಟ್ರಾಫಾಲ್ಗರ್ ಅಂತ ಹೆಸರಿಟ್ಟದ್ದು 1830ರ ಸುಮಾರಿಗೆ. 1838ರಲ್ಲಿ ಸಮಿತಿ ಆಯಿತು, ಸ್ಪರ್ಧೆ ನಡೆಸಿದರು, ವಿಲಿಯಂ ರೈಲ್ಟನ್ ಅನ್ನುವ ವಾಸ್ತುಶಿಲ್ಪಿಯ ನಕ್ಷೆ ಗೆದ್ದಿತು. ಆಮೇಲೆ ಶುರುವಾಯಿತು ದುಡ್ಡಿನ ಪಾಡು. ಜನರಿಂದ ವಂತಿಗೆ ಎತ್ತಿ ಕಟ್ಟಲು ಹೊರಟವರಿಗೆ ಸಿಕ್ಕಿದ್ದು 20 ಸಾವಿರ ಪೌಂಡಿನ ಆಸುಪಾಸು, ಒಟ್ಟು ಖರ್ಚಾದದ್ದು ಸುಮಾರು 47 ಸಾವಿರ. ಎಡ್ವರ್ಡ್ ಬೈಲಿ ಕೆತ್ತಿದ ಪ್ರತಿಮೆ ಹೇಗೋ ಮೇಲೇರಿತು, ಆದರೆ ಮರುವರ್ಷ ಸಮಿತಿಯ ಕೈ ಖಾಲಿಯಾಗಿ ಸರ್ಕಾರವೇ ಕೆಲಸ ವಹಿಸಿಕೊಂಡಿತು.

ಸಿಂಹಗಳು ಬಂದದ್ದು ಇನ್ನೂ ತಡವಾಗಿ, 1867ರಲ್ಲಿ! ಮೊದಲು ಒಬ್ಬರ ಹತ್ತಿರ ಕಲ್ಲಿನ ಸಿಂಹ ಮಾಡಿಸಿ ಬೇಡ ಅಂದರು. ಆಮೇಲೆ ಪ್ರಾಣಿಗಳ ಚಿತ್ರಕ್ಕೆ ಹೆಸರಾಗಿದ್ದ ಲ್ಯಾಂಡ್‌ಸಿಯರ್‌ಗೆ ವಹಿಸಿದರು. ಅವರು ಶಿಲ್ಪಿಯೇ ಅಲ್ಲ, ಚಿತ್ರಕಾರ. ಹಾಗಾಗಿ ಮತ್ತೆ ವರ್ಷಗಟ್ಟಲೆ ಕಾಯಬೇಕಾಯಿತು.

ಕಂಬದ ಎತ್ತರ 185 ಅಡಿ ಅಂತ ನಿಮ್ಮ ಹತ್ತಿರ ಯಾರಾದರೂ ಹೇಳಿದ್ದರೆ ತಿದ್ದಿಕೊಳ್ಳಿ. 2006ರಲ್ಲಿ ರಿಪೇರಿಗೆ ಅಂತ ಅಟ್ಟಣೆ ಕಟ್ಟಿದಾಗ ಅಳೆದು ನೋಡಿದರೆ ಸುಮಾರು 169 ಅಡಿ!

ಇನ್ನೊಂದು ಮಾತು. ಮೇಲಿನ ಪ್ರತಿಮೆ ಕೆಳಗಿನಿಂದ ಸರಿಯಾಗಿ ಕಾಣುವುದೇ ಇಲ್ಲ ಅಲ್ವಾ? ನನ್ನ ಪ್ರಕಾರ ನಿಜವಾದ ಸ್ಮಾರಕ ಇರುವುದು ಬುಡದಲ್ಲಿ. ಫ್ರೆಂಚರಿಂದ ಕಸಿದ ಫಿರಂಗಿಗಳನ್ನು ಕರಗಿಸಿ ಮಾಡಿದ ನಾಲ್ಕು ಕಂಚಿನ ಫಲಕಗಳಿವೆ, ಒಂದೊಂದರಲ್ಲಿ ಒಂದೊಂದು ಯುದ್ಧ. ಸರ್ಕಾರಿ ಕಚೇರಿಗಳಿರುವ ವೈಟ್‌ಹಾಲ್ ಬೀದಿಯ ಕಡೆಗೆ ಮುಖ ಮಾಡಿದ್ದರಲ್ಲಿ ನೆಲ್ಸನ್ ಸಾಯುತ್ತಿದ್ದಾನೆ, ಒಂದು ಪಕ್ಕದಲ್ಲಿ ಬಂದೂಕು ಹಿಡಿದ ಕಪ್ಪು ನಾವಿಕನೊಬ್ಬ ನಿಂತಿದ್ದಾನೆ. ಆ ಹಡಗುಗಳಲ್ಲಿ ಬೇರೆ ಬೇರೆ ದೇಶಗಳಿಂದ ಬಂದವರು ದುಡಿಯುತ್ತಿದ್ದರು. ಮುಂದಿನ ಸಲ ಹೋದಾಗ ಸಿಂಹದ ಜೊತೆ ಫೋಟೋ ತೆಗೆಸಿಕೊಳ್ಳಿ, ಆದರೆ ಆ ಫಲಕವನ್ನು ತಪ್ಪದೆ ನೋಡಿ.