ಫೋನ್ ಸ್ಪೀಕರ್ ಬಿಡಿ, ಮೊದಲು ಬೇಸ್ ಕೇಳಿ

ತೊಂದರೆ ಬಹುಶಃ ಸ್ಪೀಕರಿನದು. ಜಾಝ್ ಪಿಯಾನೋ ವಾದಕ ಬಿಲ್ ಇವಾನ್ಸ್ ಅವರ ಟ್ರಿಯೋ (ಮೂವರ ತಂಡ) 1961ರ ಜೂನ್ 25ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ನುಡಿಸಿದ್ದನ್ನು ಫೋನಿನಲ್ಲೇ ಹಾಕಿ ಕೇಳಿದೆ, ಪಿಯಾನೋ ಮತ್ತು ಗ್ಲಾಸುಗಳ ಸದ್ದು ಬಿಟ್ಟರೆ ಏನೂ ಸಿಗಲಿಲ್ಲ ಅಂದಿದ್ದೀರಿ. ಫೋನಿನ ಸ್ಪೀಕರಿನಲ್ಲಿ ಬೇಸ್ (ತಗ್ಗಿನ ಸ್ವರ ನುಡಿಸುವ ದೊಡ್ಡ ತಂತಿವಾದ್ಯ) ಹೆಚ್ಚುಕಡಿಮೆ ಮಾಯವಾಗುತ್ತದೆ. ಈ ರೆಕಾರ್ಡಿಂಗಿನ ಅರ್ಧ ಜೀವ ಇರುವುದೇ ಸ್ಕಾಟ್ ಲಫಾರೋ ಅವರ ಬೇಸಿನಲ್ಲಿ.

ಹೆಡ್‌ಫೋನ್ ಹಾಕಿಕೊಂಡು ‘ಗ್ಲೋರಿಯಾಸ್ ಸ್ಟೆಪ್’ನಿಂದ ಶುರು ಮಾಡಿ. ಅದು ಲಫಾರೋ ಅವರದೇ ರಚನೆ. ಮೊದಲ ಸಲ ಪಿಯಾನೋ ಕಡೆ ಗಮನ ಕೊಡಲೇಬೇಡಿ, ಬೇಸ್ ಹಿಂದೆಯೇ ಹೋಗಿ. ಅದು ಸುಮ್ನೆ ಲೆಕ್ಕ ಹಿಡಿದು ನಡೆಯುವುದಿಲ್ಲ. ಇವಾನ್ಸ್ ಒಂದು ಮಾತು ಮುಗಿಸುವಷ್ಟರಲ್ಲಿ ನಡುವೆ ಬಂದು ಉತ್ತರ ಕೊಡುತ್ತದೆ. ಎರಡನೇ ಸಲ ಇಬ್ಬರನ್ನೂ ಒಟ್ಟಿಗೆ ಕೇಳಿ.

ಆಮೇಲೆ ‘ಮೈ ಫೂಲಿಶ್ ಹಾರ್ಟ್’. ಇಲ್ಲಿ ಲಫಾರೋ ತುಂಬಾ ಕಡಿಮೆ ಸ್ವರ ಹಾಕುತ್ತಾರೆ, ಒಂದೊಂದನ್ನೂ ಉದ್ದಕ್ಕೆ ಮೊಳಗಲು ಬಿಡುತ್ತಾರೆ. ಪಾಲ್ ಮೋಷಿಯನ್ ಬ್ರಷ್ ಹಿಡಿದು ಡ್ರಮ್ ಸವರುವ ಸದ್ದು ಎಷ್ಟು ಮೆಲ್ಲಗಿದೆ ಅಂದರೆ, ಸೌಂಡ್ ಸ್ವಲ್ಪ ಜಾಸ್ತಿ ಮಾಡಲೇಬೇಕು. ಹಿಂದೆ ಕೇಳುವ ಕ್ಲಬ್ಬಿನ ಜನರ ಮಾತನ್ನು ತಡೆಯಲು ಹೋಗಬೇಡಿ. ಅಷ್ಟು ಜನರ ನಡುವೆ ಕೂತು ಇಷ್ಟು ಮೆತ್ತಗೆ ನುಡಿಸಿದ್ದಾರಲ್ಲ, ನನಗೆ ಲೈವ್ ರೆಕಾರ್ಡಿಂಗ್ ಹಿಡಿಸುವುದೇ ಅದಕ್ಕೆ.

ಇಷ್ಟಾದ ಮೇಲೂ ನಿಮಗೆ ಹಿಡಿಸುತ್ತದೆ ಅಂತ ಖಂಡಿತವಾಗಿ ಹೇಳಲಾರೆ. ಇವಾನ್ಸ್ ನಿಧಾನ ಅನ್ನಿಸಿದರೆ ಇನ್ನೊಬ್ಬ ಪಿಯಾನೋ ವಾದಕ ಅಹ್ಮದ್ ಜಮಾಲ್ ಅವರ ಟ್ರಿಯೋ 1958ರಲ್ಲಿ ಷಿಕಾಗೋದ ಪರ್ಷಿಂಗ್ ಹೋಟೆಲಿನಲ್ಲಿ ನುಡಿಸಿದ ‘ಪಾಯಿನ್ಸಿಯಾನಾ’ ಹಾಕಿ. ಸುಮಾರು 8 ನಿಮಿಷ. ವರ್ನೆಲ್ ಫೋರ್ನಿಯರ್ ಅವರ ಡ್ರಮ್ ಮೊದಲ ನಿಮಿಷದಲ್ಲೇ ಕೈಹಿಡಿದು ಕರೆದೊಯ್ಯುತ್ತದೆ. ಅದು ಹಿಡಿಸಿದರೆ ಒಂದು ವಾರ ಬಿಟ್ಟು ಇವಾನ್ಸ್‌ಗೆ ಮರಳಿ.